ತಿಂದದ್ದು ಮೈಗೆ ಹತ್ತದ ಕಾಯಿಲೆ

ರೀ,

ಮೊದಲ ಇಂಜೆಕ್ಷನ್ ತಗೊಳ್ಳೋಕೆ ಹೋಗಿದ್ದೀನಿ, ಒಬ್ಬಳೇ. ಅಡುಗೆ ಆಗಿದೆ. ನಾಲ್ಕಕ್ಕೆ ಮಗಳನ್ನ ಸ್ಕೂಲಿಂದ ಕರ್ಕೊಂಡು ಬನ್ನಿ, ಮರೀಬೇಡಿ.

ಕಾಲು ಜೋಮು ಹಿಡಿಯುತ್ತೆ, ಹೊಲಿಯೋವಾಗ ಬೆರಳಿಂದ ಸೂಜಿ ಜಾರುತ್ತೆ ಅಂತ ಎರಡು ವರ್ಷದಿಂದ ಬಡ್ಕೊಂಡೆ. ಡಾಕ್ಟರು ನನ್ನನ್ನ ಕೇಳಿದಾಗೆಲ್ಲ ಉತ್ತರ ಕೊಟ್ಟಿದ್ದು ನೀವು. "ಇವಳು ಸರಿಯಾಗಿ ತಿನ್ನಲ್ಲ, ಸುಮ್ನೆ ಟೆನ್ಷನ್ ಮಾಡ್ಕೋತಾಳೆ." ಅವರೂ ತಲೆಯಾಡಿಸಿ ಕಬ್ಬಿಣದ ಮಾತ್ರೆ ಬರೆದು ಕಳಿಸಿದ್ರು.

ಹೋದ ವಾರ ನಿಮಗೆ ಹೇಳದೆ ಬೇರೆ ಡಾಕ್ಟರಮ್ಮನ ಹತ್ರ ಹೋದೆ. ಕಣ್ಣು ಮುಚ್ಚಿಸಿ ಪಾದ ಮುಟ್ಟಿದ್ರಂತೆ, ನನಗೆ ಗೊತ್ತೇ ಆಗ್ಲಿಲ್ಲ. ನಿನ್ನೆ ರಕ್ತದ ರಿಪೋರ್ಟು ಬಂತು. ವಿಟಮಿನ್ ಬಿ ಹನ್ನೆರಡು ತಳ ಕಂಡಿದೆ. ಎಷ್ಟೇ ತಿಂದ್ರೂ ನನ್ನ ಹೊಟ್ಟೆ ಅದನ್ನ ಹೀರ್ಕೊಳ್ಳಲ್ವಂತೆ. ಜೀವನಪೂರ್ತಿ ಇಂಜೆಕ್ಷನ್ ಬೇಕು.

"ಜೋಮು ಪೂರ್ತಿ ಹೋಗುತ್ತಾ?" ಅಂತ ಕೇಳಿದೆ. "ಇನ್ನೂ ಮೊದಲೇ ಬರಬೇಕಿತ್ತಮ್ಮ" ಅಂದ್ರು. ಆ ಮಾತು ನೀವು ಕೇಳಿಸ್ಕೋಬೇಕಿತ್ತು.

ರಿಪೋರ್ಟು ಹೊಲಿಗೆ ಮಿಷಿನ್ ಮೇಲಿದೆ. ನೀವೂ ಓದಿ. ಸೋಮಾರಿ ಸೊಸೆ ಅಂದಿದ್ದ ನಿಮ್ಮಮ್ಮನಿಗೂ ಗಟ್ಟಿಯಾಗಿ ಓದಿ ಹೇಳಿ.

ನಾಳಿದ್ದು ಎರಡನೇ ಇಂಜೆಕ್ಷನ್ನು. ಬರೋದಾದ್ರೆ ಬನ್ನಿ, ಮೆಟ್ಟಿಲು ಇಳಿಯೋವಾಗ ಕೈ ಹಿಡ್ಕೊಳ್ಳಿ. ಡಾಕ್ಟರಮ್ಮನ ಹತ್ರ ಮಾತ್ರ ನಾನೇ ಮಾತಾಡ್ತೀನಿ.