ಹುಲ್ಲುಮುಖದವನು ಮನೆಯೊಳಗೆ ಬಂದ ದಿನ

ಬಾಲಿಕಾರಿಗ್, ಕೆರ್ರಿ
ಬ್ರಿಜಿಡ್ ಹಬ್ಬದ ಮುನ್ನಾದಿನ, ಜನವರಿ 31, 1902

ನನ್ನ ಬಂಗಾರ ಎಡೀನ್,

ಕಾರ್ಕ್ ಪೇಟೆಯ ಚಳಿಗೆ ನಿನ್ನ ಭುಜ ನೋಯುತ್ತಿದೆಯೇ? ಮುರಿದ ಮೂಳೆ ಕೂಡಿದ ಮೇಲೂ ಮೊದಲ ಚಳಿಗಾಲ ಕಾಡದೆ ಬಿಡುವುದಿಲ್ಲ. ಉಪ್ಪು ಬಿಸಿಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟುಕೋ. ನನ್ನ ಅಕ್ಷರ ಸೊಟ್ಟಗಿದೆ ಎಂದು ಗಾಬರಿಯಾಗಬೇಡ. ಬಲಗೈಯ ಎರಡು ಬೆರಳು ಮುರಿದಿವೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ತೈಗ್‌ಗೆ ಆದದ್ದನ್ನು ಊರಿನವರು ಯಾರಾದರೂ ನಿನಗೆ ಉಪ್ಪುಖಾರ ಹಚ್ಚಿ ಬರೆಯುತ್ತಾರೆ. ಅವರಿಗಿಂತ ಮೊದಲು ನನ್ನಿಂದ ಕೇಳು. ಎಷ್ಟಾದರೂ ಅವನು ನಿನ್ನ ಗಂಡ.

ಚಳಿಗಾಲ ಹಿಡಿಯುವ ಸಾವಿನ್ ಹಬ್ಬಕ್ಕೆ ದನವನ್ನು ದೊಣ್ಣೆಯಿಂದ ಕೆಡವಿ ಕಡಿದು ಬಂದವನು ಅದೇ ದೊಣ್ಣೆಯಿಂದ ನಿನ್ನ ಹೆಗಲು ಮುರಿದನಲ್ಲ, ನೀನು ಹೋದ ಮೇಲೆ ಅವನು ಆಗಾಗ ನಮ್ಮ ಬಾಗಿಲಿಗೆ ಬರುತ್ತಿದ್ದ. ನಿನ್ನ ತಮ್ಮ ಫಿನೀನ್ ಹೊಸ್ತಿಲಲ್ಲಿ ನಿಂತರೆ ಸಾಕು, ತಿರುಗಿ ಹೋಗುತ್ತಿದ್ದ. "ಹೆಂಡ್ತಿ ಎಲ್ಲಿದ್ದಾಳೆ ಹೇಳ್ರಿ, ಜುಟ್ಟು ಹಿಡ್ಕೊಂಡು ಕರ್ಕೊಂಡು ಬರ್ತೀನಿ" ಎಂದು ಬೀದಿಯಲ್ಲಿ ನಿಂತು ಕೂಗಿ ಹೋಗುತ್ತಿದ್ದ. ಫಿನೀನ್ ಇಲ್ಲದ ದಿನಕ್ಕಾಗಿ ಕಾಯುತ್ತಿದ್ದಾನೆಂದು ನನಗೆ ಗೊತ್ತಿತ್ತು.

ಕ್ರಿಸ್‌ಮಸ್ ಮಾರನೆಯ ದಿನ ಫಿನೀನ್ ಮೇಲಿನ ಕೇರಿಯ ಹುಡುಗರ ಜೊತೆ ರೆನ್ ಹಕ್ಕಿಯ ಬೇಟೆಗೆ ಹೋದ. ಬೇಲಿಬೇಲಿ ಬಡಿದು, ಹೆಬ್ಬೆರಳಿನಷ್ಟಿರುವ ಆ ಬಡಪಾಯಿಗೆ ಕಲ್ಲು ಹೊಡೆದು ಕೊಂದು, ಮುಳ್ಳೆಲೆಯ ಹಾಲಿ ಗಿಡದ ಕೊಂಬೆಗೆ ಕಟ್ಟಿ ಮೆರೆಸುವುದಕ್ಕೆ ಗಂಡಸರಿಗೆ ಅದೆಂಥ ಹುರುಪೋ! ಸಂಜೆಯಾಗುತ್ತಲೇ ಗುಡ್ಡದ ಮೇಲೆ ಚಂದ್ರ ಬಂದ, ಹಿಂದಿನ ದಿನವಷ್ಟೇ ಹುಣ್ಣಿಮೆ. ಈ ಚಳಿಗಾಲದ ಚಂದ್ರನನ್ನು ನಿನ್ನ ಅಜ್ಜಿ "ಕೊಲ್ಲುವ ಚಂದ್ರ" ಎನ್ನುತ್ತಿದ್ದಳು. ಅಂಗಳ ಹಾಲು ಚೆಲ್ಲಿದಂತಿತ್ತು. ಆಗ, ಸತ್ತ ಹಕ್ಕಿ ಹೊತ್ತು ಮನೆಮನೆ ತಿರುಗುವ ಕೆಳಗಿನ ಕೇರಿಯ ತಂಡ ಡೋಲು ಬಡಿಯುತ್ತಾ ಬಂತು. ಎಲ್ಲರಿಗೂ ಮೈತುಂಬ ಒಣಹುಲ್ಲಿನ ಉಡುಪು, ತಲೆಗೆ ಹುಲ್ಲಿನ ಗೋಪುರ, ಮುಖ ಕಾಣದು. ಹುಲ್ಲುಮುಖದವರಿಗೆ ಬಾಗಿಲು ಹಾಕಿದರೆ ವರ್ಷವೆಲ್ಲ ಕೇಡು ಎನ್ನುತ್ತಾರೆ. ತೆರೆದೆ.

ಒಬ್ಬನೇ ಒಳಗೆ ಬಂದ. ಬಂದವನೇ ಬಾಗಿಲಿಗೆ ಅಗಳಿ ಹಾಕಿದ.

ಯಾರೆಂದು ನಾನು ಊಹಿಸಿ ಹೇಳಬೇಕಾದ ಆಟ ಅದು. ನಾನು ಆಡಲಿಲ್ಲ. "ಮುಖವಾಡ ತೆಗಿ ತೈಗ್" ಎಂದೆ.

"ತೈಗ್ ಯಾರು, ಅತ್ತೆ? ಹುಲ್ಲಿಗೆ ಹೆಸರಿರಲ್ಲ" ಎಂದು ನಕ್ಕ. ನಮ್ಮ ಮುದಿನಾಯಿ ಬೊಗಳಿತು. ಅದನ್ನು ಒದ್ದು ಗೋಡೆಗೆ ಅಪ್ಪಳಿಸಿದ. ಎರಡನೆಯ ಸಲ ಒದೆಯುವ ಅಗತ್ಯವೇ ಇರಲಿಲ್ಲ, ಆದರೂ ಒದ್ದ. ನಿನ್ನ ಪೆಟ್ಟಿಗೆ ಒಡೆದ. ಹಾಸಿಗೆ ಸೀಳಿದ. ಆಮೇಲೆ ನನ್ನ ಕೈಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಬೆರಳುಗಳನ್ನು ಹಿಂದಕ್ಕೆ ಬಾಗಿಸಿದ.

"ಎಲ್ಲಿದ್ದಾಳೆ?"

"ಸಮುದ್ರದ ಆಚೆ" ಎಂದೆ. ಒಂದು ಬೆರಳು ಲಟಕ್ಕೆಂದಿತು.

"ಸುಳ್ಳು ಬೊಗಳ್ಬೇಡ ಮುದುಕಿ. ಎಲ್ಲಿದ್ದಾಳೆ?"

"ನಿಮ್ಮಮ್ಮನ್ನ ಕೇಳೋ" ಎಂದೆ. ಇನ್ನೊಂದು ಮುರಿಯಿತು. ಹೊರಗೆ ಅವನ ಜೊತೆಯವರು ನನ್ನ ಕೂಗನ್ನು ಆಟವೆಂದುಕೊಂಡು ಇನ್ನೂ ಜೋರಾಗಿ ಡೋಲು ಬಡಿದರು. ಅವನು ನನ್ನ ಕೂದಲು ಹಿಡಿದು ಒಲೆಯ ಬಳಿಗೆ ಎಳೆದ. "ಹೇಳ್ದಿದ್ರೆ ಮುಖಾನೇ ಸುಡ್ತೀನಿ" ಎಂದ. ಅಲ್ಲಿ ಅವನ ಹುಲ್ಲಿಗೆ ಬೆಂಕಿ ಹತ್ತಿತು.

ಒಣಹುಲ್ಲು ಹೇಗೆ ಉರಿಯುತ್ತದೆಂದು ನಿನಗೆ ಗೊತ್ತಲ್ಲ ಮಗಳೇ. ಕಾಲಿನಿಂದ ತಲೆಗೆ ಒಂದೇ ಉಸಿರು. ಅವನು ಬಾಗಿಲಿಗೆ ಓಡಿದ, ಆದರೆ ತಾನೇ ಹಾಕಿದ ಅಗಳಿ ಉರಿಯುವ ಕೈಗೆ ಸಿಗಲಿಲ್ಲ. ಮೇಜು ಬಿತ್ತು, ಅವನೂ ಬಿದ್ದ. ಕೊನೆಗೆ ಹಸಿ ಗೋಣಿ ಹೊದಿಸಿ ಆರಿಸಿದವಳು ನಾನೇ.

ಸತ್ತಿಲ್ಲ. ಬಲಗಣ್ಣು ಹೋಗಿದೆ, ಬೆರಳುಗಳು ಒಂದಕ್ಕೊಂದು ಅಂಟಿ ಮುಷ್ಟಿಯೇ ಬಿಚ್ಚುವುದಿಲ್ಲ. ಇನ್ನು ಅವನು ದೊಣ್ಣೆ ಹಿಡಿಯುವುದಿರಲಿ, ಚಮಚ ಹಿಡಿಯಲಾರ. ಪೊಲೀಸಿನವನು ಬಂದು, "ಹೇಗಾಯ್ತಮ್ಮ?" ಎಂದು ಕೇಳಿದ. "ಕಿಡಿ ಹಾರ್ತು ಸಾಹೇಬ್ರೆ" ಎಂದೆ. ತೈಗ್ ಕೂಡ ಕಿಡಿ ಎಂದೇ ಹೇಳಿದನಂತೆ. ಅತ್ತೆಯ ಬೆರಳು ಮುರಿಯಲು ಹುಲ್ಲು ಸುತ್ತಿಕೊಂಡು ಹೋಗಿದ್ದೆ ಎಂದು ಯಾವ ಬಾಯಿಂದ ಹೇಳಿಯಾನು? ಫಿನೀನ್ ಕೊಡಲಿ ತೆಗೆದುಕೊಂಡು ಹೊರಟಿದ್ದ. ಅವನ ಕಾಲು ಹಿಡಿದು ಕೂರಿಸಿದೆ.

ಜನವರಿ ಆರಕ್ಕೆ, ಹೆಂಗಸರ ಕ್ರಿಸ್‌ಮಸ್ ದಿನ, ನೆರೆಯ ಹೆಂಗಸರೆಲ್ಲ ಮನೆಗೆಲಸ ಗಂಡಸರಿಗೆ ಬಿಟ್ಟು ನಮ್ಮಲ್ಲೇ ಸೇರಿದರು. ನನ್ನ ಕೈಯಿಂದ ಕೆಲಸವಾಗದೆಂದು ಪಕ್ಕದ ಮನೆಯ ಬ್ರೀಜ್ ಅಜ್ಜಿ ಒಣದ್ರಾಕ್ಷಿಯ ರೊಟ್ಟಿ ತಂದಿದ್ದಳು. ಚಹಾ ಸುರಿಯುತ್ತಿರುವಾಗ ಬಾಗಿಲಲ್ಲಿ ತೈಗ್‌ನ ತಾಯಿ ಮುರೀನ್ ನಿಂತಿದ್ದಳು. ಬಯ್ಯಲು ಬಂದಳೋ, ಶಾಪ ಹಾಕಲು ಬಂದಳೋ! ಬ್ರೀಜ್ ಅಜ್ಜಿಯೊಬ್ಬಳೇ, "ಒಳಗ್ ಬಾರೇ, ಗಾಳಿ ನುಗ್ತಿದೆ" ಎಂದಳು.

ಮುರೀನ್ ನನ್ನ ಎದುರಿಗೆ ಕೂತು, ಕಟ್ಟು ಹಾಕಿದ ನನ್ನ ಕೈಯನ್ನೇ ನೋಡಿದಳು. "ಕಿಡಿನಾ ಗೊಬ್ನೆಟ್?" ಎಂದಳು.

"ಕಿಡಿ" ಎಂದೆ.

"ಹಂಗೇ ಅನ್ನು. ಯಾರ್ ಕೇಳಿದ್ರೂ ಹಂಗೇ ಅನ್ನು." ಚಹಾ ಕುಡಿದು ಬಟ್ಟಲು ಕೆಳಗಿಟ್ಟಳು. "ಇವನಪ್ಪ ನನ್ನ ಬಡೀತಿದ್ದಾಗ ನಮ್ಮನೇಲೂ ಒಲೆ ಇತ್ತು ಕಣೆ. ನನಗೆ ಹೊಳೀಲೇ ಇಲ್ಲ."

ಆಮೇಲೆ ಅತ್ತಳು. ಮಗನಿಗಾಗಿ ಅತ್ತಳೋ, ತನಗಾಗಿಯೋ, ನಾವು ಕೇಳಲಿಲ್ಲ. ಅಜ್ಜಿ ಅವಳ ತಟ್ಟೆಗೆ ರೊಟ್ಟಿಯ ದಪ್ಪ ತುಂಡನ್ನೇ ಹಾಕಿದಳು.

ನಾಳೆ ಬ್ರಿಜಿಡ್ ಹಬ್ಬ, ವಸಂತದ ಮೊದಲ ದಿನ. ಕುರಿಗಳಿಗೆ ಹಾಲಿಳಿಯುತ್ತಿದೆ. ನಿನಗೆ ಬರಬೇಕೆನಿಸಿದರೆ ಬಾ, ಬೇಡವೆನಿಸಿದರೆ ಅಲ್ಲೇ ಇರು. ಹೆದರಿ ಮಾತ್ರ ಇರಬೇಡ.

ನಿನ್ನ ಹಾದಿ ಕಾಯುವ ಅಮ್ಮ,
ಗೊಬ್ನೆಟ್

ಮರೆತ ಮಾತು: ಓದಿದ ಕೂಡಲೇ ಇದನ್ನು ಸುಟ್ಟುಬಿಡು. ಎಡಗೈಯ ಇಕ್ಕಳದಲ್ಲಿ ಕೆಂಡ ಹಿಡಿದು ಅವನ ಕಾಲಿನ ಹುಲ್ಲಿಗೆ ಇಟ್ಟವಳು ನಾನು. ಹೊಸ ವರ್ಷ ಕಳೆಯುವವರೆಗೆ ಮನೆಯ ಬೆಂಕಿಯನ್ನು ಪರರಿಗೆ ಕೊಡಬಾರದು ಎನ್ನುತ್ತಾರೆ. ಕೊಟ್ಟೆ. ಗೋಣಿ ಕೈಗೆಟಕುವಷ್ಟು ಹತ್ತಿರವಿತ್ತು, ಆದರೂ ನೋಡುತ್ತ ನಿಂತಿದ್ದೆ. ಉರಿಯಲ್ಲಿ ಅವನು "ಅಮ್ಮಾ" ಎಂದು ಕೂಗಿದ, ಚಿಕ್ಕ ಮಗುವಿನ ದನಿಯಲ್ಲಿ. ಆಗ ಆರಿಸಿದೆ. ಅವನು ಕೂಗಿದ್ದನ್ನು ಮುರೀನ್‌ಗೆ ಹೇಳಲು ನನ್ನ ನಾಲಗೆ ಏಳುತ್ತಿಲ್ಲ.