ಸೊಸೆಗೆ ಹೇಳಿಕೊಟ್ಟ ವ್ಯಾಯಾಮ

ಮಾರ್ಚ್ ೯, ಸೋಮವಾರ

ಬೆಳಿಗ್ಗೆ ಬಾಣಂತಿ ಸೊಸೆ ಕೆಮ್ಮಿದಳು, ಉಟ್ಟಿದ್ದು ಒದ್ದೆಯಾಯಿತು. "ಮಗೂಗೂ ನಿಂಗೂ ಸೇರಿಸೇ ಲಂಗೋಟಿ ಹೊಲೀಲೇನೇ?" ಎಂದುಬಿಟ್ಟೆ, ಮಗನ ಎದುರಿಗೇ. ಅವಳು ತಲೆ ಎತ್ತಲಿಲ್ಲ.

ಮಗ ಹುಟ್ಟಿದಂದಿನಿಂದ ನನ್ನದೂ ಅದೇ ಕಥೆ. ಸೀನು ಬಂದರೆ ಕಾಲು ಹೆಣೆದು ನಿಲ್ಲುತ್ತೇನೆ. ಹೊಲಿಗೆ ಯಂತ್ರದ ಮುಂದೆ ಕೂತಾಗ ಕೆಳಗೆ ಮಡಿಸಿದ ಹಳೇ ಬಟ್ಟೆ. ಯಾರಿಗೂ ಹೇಳಿಲ್ಲ.

ಮಧ್ಯಾಹ್ನ ಸೊಸೆಯ ಜೊತೆ ಆಸ್ಪತ್ರೆಗೆ ಹೋಗಿ, ಮಗು ಎತ್ತಿಕೊಂಡು ಮೂಲೆಯಲ್ಲಿ ಕೂತಿದ್ದೆ. ಹೆರಿಗೆಯಲ್ಲಿ ಸಡಿಲವಾದ ಕೆಳಗಿನ ಸ್ನಾಯು ವ್ಯಾಯಾಮದಿಂದ ಮತ್ತೆ ಬಿಗಿಯಾಗುತ್ತದಂತೆ. ಅಲ್ಲಿನ ವ್ಯಾಯಾಮದವಳು ಸೊಸೆಗೆ ಹೇಳಿಕೊಡುತ್ತಿದ್ದಳು: ಮೂತ್ರ ತಡೆದ ಹಾಗೆ ಒಳಗೆ ಬಿಗಿಹಿಡಿ, ಆಮೇಲೆ ಪೂರ್ತಿ ಸಡಿಲಬಿಡು. ಕೂತಲ್ಲೇ ನಾನೂ ಮಾಡಿ ನೋಡಿದೆ. ವ್ಯಾಯಾಮದವಳು ಥಟ್ಟನೆ ನನ್ನತ್ತ ತಿರುಗಿ, "ಅಜ್ಜಿ, ಉಸಿರು ಕಟ್ಬೇಡಿ, ಮುಖ ಕೆಂಪಾಗ್ತಿದೆ" ಎಂದಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಸೊಸೆ ನಗಲಿಲ್ಲ. ದಾರಿಯಲ್ಲಿ ಮೆಲ್ಲಗೆ, "ಅತ್ತೆ, ನಾಳೆಯಿಂದ ಇಬ್ರೂ ಒಟ್ಟಿಗೆ ಮಾಡೋಣ್ವಾ?" ಎಂದಳು.

"ನಂಗೇನು ಬಂದಿದೆ ರೋಗ? ನೀನು ಮಾಡ್ಕೋ ಹೋಗು" ಎಂದು ಗದರಿದೆ.

ಬೆಳಿಗ್ಗೆ ಅಷ್ಟು ಅಂದ ನನ್ನನ್ನೂ ಕರೆದಳಲ್ಲ. ಇನ್ನೊಮ್ಮೆ ಕರೆದಾಳೇ? ನಾನಾಗಿ ಕೇಳಬೇಕು. ಬೈಯುವುದಕ್ಕೆ ಇಷ್ಟಗಲ ತೆರೆಯುವ ಬಾಯಿ, ಕೇಳುವುದಕ್ಕೆ...