ವಸಡು ಊದಿದ್ದಕ್ಕೆ ಸಿಕ್ಕಿದ್ದು

ಮಾರ್ಚ್ ೧೪, ಶುಕ್ರವಾರ

ವಸಡು ಇನ್ನೂ ಊದಿಕೊಂಡೇ ಇದೆ. ಆದರೂ ಇವತ್ತು ನನ್ನಷ್ಟು ಅದೃಷ್ಟವಂತೆ ಯಾರೂ ಇಲ್ಲ.

ಕಿವಿನೋವಿಗೆ ಆಂಟಿಬಯಾಟಿಕ್ ಶುರು ಮಾಡಿದ ಮೇಲೆ ಹಲ್ಲುಜ್ಜಿದರೆ ಸಾಕು, ರಕ್ತ. ಬಾಯಿ ವಾಸನೆ ಬರುತ್ತಿದೆಯೇನೋ ಎಂಬ ನಾಚಿಕೆಗೆ, ನನ್ನ ಗಂಡ (ಈ ಪದ ಬರೆದರೆ ಈಗಲೂ ಕಚಗುಳಿ) ಹತ್ತಿರ ಬಂದಾಗಲೆಲ್ಲ ಮುಖ ತಿರುಗಿಸುತ್ತಿದ್ದೆ. ಪಾಪ, ನನಗೆ ಮದುವೆಯೇ ಬೇಸರವಾಗಿದೆ ಎಂದುಕೊಂಡು ಅವನು ತನ್ನ ಅಮ್ಮನ ಹತ್ತಿರ ಹೇಳಿಕೊಂಡಿದ್ದಾನೆ.

ಸಂಜೆ ಅಡುಗೆಮನೆಯಲ್ಲಿ ಅತ್ತೆ ನೇರವಾಗಿ ಕೇಳಿದರು. "ನನ್ನ ಮಗ ಏನಾದ್ರೂ ಅಂದ್ನಾ? ನಗೋವಾಗ್ಲೂ ಕೈ ಅಡ್ಡ ಇಟ್ಕೋತೀಯಲ್ಲ."

ನನಗೆ ಅಳುವೇ ಬಂತು. "ಅವರೇನೂ ಅಂದಿಲ್ಲ ಅತ್ತೆ. ವಸಡೆಲ್ಲ ಊದಿದೆ. ತೋರಿಸೋಕೆ ನಾಚಿಕೆ."

ಅವರು ಗೋಡೆಯ ಕಡೆ ತಿರುಗಿ, ಮೇಲಿನ ಹಲ್ಲಿನ ಸೆಟ್ಟು ತೆಗೆದು ಅಂಗೈಯಲ್ಲಿಟ್ಟುಕೊಂಡು, ಮತ್ತೆ ನನ್ನತ್ತ ತಿರುಗಿದರು. ತುಟಿ ಒಳಗೆ ಹೋಗಿ ಬೇರೆ ಯಾರೋ ಆಗಿಬಿಟ್ಟಿದ್ದರು.

"ಇದು ನನ್ನ ಮಗನಿಗೂ ಗೊತ್ತಿಲ್ಲ. ಈಗ ನೀನು ಬಾಯಿ ತೆಗಿ."

ತೆಗೆದೆ. ಟಾರ್ಚ್ ಹಾಕಿ ನೋಡಿದವರೇ ಡಾಕ್ಟರಿಗೆ ಫೋನ್ ಮಾಡಿಸಿದರು. ಆ ಮಾತ್ರೆಯಿಂದಲೂ ಹೀಗಾಗಬಹುದಂತೆ. ನಾವಾಗಿಯೇ ನಿಲ್ಲಿಸಬಾರದಂತೆ, ನಾಳೆ ನೋಡಿ ಬೇರೆ ಕೊಡಬೇಕಾ ಎಂದು ಹೇಳುತ್ತಾರಂತೆ.

ಗಂಡನಿಗೂ ಹೇಳಿಬಿಟ್ಟೆ. "ಇಷ್ಟೇನಾ? ನನ್ನ ಗೊರಕೆಗೆ ಹೆದರಿದ್ದೀಯ ಅಂದ್ಕೊಂಡಿದ್ದೆ ಕಣೇ," ಅಂದ. ಆಮೇಲೆ, "ಅಮ್ಮ ಅದೇನು ಹೇಳಿ ನಿನ್ನನ್ನ ಒಪ್ಪಿಸಿದ್ರು?" ಎಂದು ಪೀಡಿಸಿದ.

ಹೇಳಲಿಲ್ಲ. ಅದು ಅತ್ತೆ ನನಗೊಬ್ಬಳಿಗೇ ಕೊಟ್ಟದ್ದು. ಕಣ್ಣು ಎಳೆಯುತ್ತಿದೆ, ಆದರೂ ಮಲಗಲು ಮನಸ್ಸಿಲ್ಲ, ಯಾಕೆಂದರೆ ಈ ಮನೆ ನನ್ನದು ಅಂತ ಇವತ್ತೇ ಮೊದಲ ಸಲ ಅನ್ನಿಸಿದ್ದು.